ಆಲ್ಚಿಯ ಮರದ ಬಾಗಿಲು ನಮ್ಮ ಗುಡಿ ಬಾಗಿಲ ಥರಾನೇ ಯಾಕಿದೆ? ಜೊತೆಗೆ ಒಂದು ಹಳೇ ಕೆತ್ತನೆ ತುಂಡಿನ ವಿಷಯ

ಹೊಸ್ತಿಲಪಕ್ಕ ಕೇಳಿದ್ದು:

ನಮಸ್ಕಾರ ಎಲ್ಲರಿಗೂ. ಸೆಪ್ಟೆಂಬರಲ್ಲಿ ಮನೇವ್ರೆಲ್ಲ ಸೇರಿ ಲಡಾಖಿಗೆ ಹೋಗಿದ್ವಿ. ಪ್ಯಾಂಗಾಂಗ್, ನುಬ್ರಾ ಎಲ್ಲ ಮುಗಿದು ಕೊನೇ ದಿನ ಏನೂ ಪ್ಲಾನ್ ಇರ್ಲಿಲ್ಲ, ಡ್ರೈವರೇ ಆಲ್ಚಿಯ ಹಳೇ ಬೌದ್ಧ ಗುಡಿಗಳನ್ನ ನೋಡದೆ ಹೋಗ್ಬೇಡಿ ಅಂತ ಕರ್ಕೊಂಡು ಹೋದ್ರು. ಲೇಹ್‌ನಿಂದ ಪಶ್ಚಿಮಕ್ಕೆ ಒಂದೂವರೆ ಎರಡು ಗಂಟೆ ದಾರಿ, ಸಿಂಧೂ ನದಿ ದಾಟಿದ್ರೆ ಹಳ್ಳಿ. ಬೇರೆ ಗೊಂಪಾಗಳ (ಬೌದ್ಧ ಮಠಗಳ) ಥರ ಗುಡ್ಡದ ನೆತ್ತಿ ಮೇಲಿಲ್ಲ, ಏಪ್ರಿಕಾಟ್ ಮರಗಳ ಮಧ್ಯೆ ಸಮತಟ್ಟು ಜಾಗದಲ್ಲಿದೆ. ದೂರದಿಂದ ನೋಡಿದ್ರೆ ಮಣ್ಣಿನ ಗೋಡೆ, ಚಪ್ಪಟೆ ಮಾಳಿಗೆ, ಅಷ್ಟೇ. ಹತ್ರ ಹೋದ್ಮೇಲೆ ಮರದ ಕಂಬಗಳು ಕಂಡ್ವು, ಮೇಲೆ ತ್ರಿಕೋನದ ಒಳಗೆ ಮೂರು ಎಸಳಿನ ಕಮಾನು, ಅದರೊಳಗೆ ಕೂತಿರೋ ಮೂರ್ತಿಗಳು, ಎಲ್ಲಾ ಮರದ್ದು, ಬಣ್ಣ ಹೋಗಿ ಬೂದು ಕಂದು ಆಗಿರೋ ಮರ. ದುಖಾಂಗ್ ಅನ್ನೋ ಸಭಾಮಂದಿರದ ಬಾಗಿಲವಾಡದ ಮುಂದೆ ನಾನು ನಿಂತೇಬಿಟ್ಟೆ. ಪಟ್ಟಿಯೊಳಗೆ ಪಟ್ಟಿ, ಅದರೊಳಗೆ ಇನ್ನೊಂದು ಪಟ್ಟಿ, ಪುಟ್ಟ ಪುಟ್ಟ ಗೂಡುಗಳಲ್ಲಿ ಬೆರಳುದ್ದದ ಬುದ್ಧ, ಬೋಧಿಸತ್ವರು. ಮಕ್ಕಳು ಒಳಗೆ ಹೋಗಿ ನೋಡಿ ಹೊರಗೆ ಬಂದ್ರೂ ನಾನು ಇನ್ನೂ ಬಾಗಿಲಲ್ಲೇ ಇದ್ದೆ.

ನಮ್ಮೂರು ಹಾಸನದ ಕಡೆ. ಚಿಕ್ಕೋನಿದ್ದಾಗಿಂದ ಬೇಲೂರಿನ ಬಾಗಿಲುಗಳನ್ನ ನೋಡ್ಕೊಂಡು ಬೆಳೆದೋನು. ಅಲ್ಲಿ ಗರ್ಭಗುಡಿ ಬಾಗಿಲಿಗೆ ಎರಡೂ ಕಡೆ ಹೀಗೇ ಪಟ್ಟಿ ಪಟ್ಟಿ ಇರತ್ತಲ್ಲ, ಆ ಜೋಡಣೆನೇ ಇಲ್ಲೂ ಇದೆ ಅನ್ನಿಸ್ತು. ಎಲ್ಲಿಯ ಬೇಲೂರು ಎಲ್ಲಿಯ ಆಲ್ಚಿ, ಒಂದು ಕಲ್ಲು ಒಂದು ಮರ, ಒಂದು ವಿಷ್ಣು ಒಂದು ಬುದ್ಧ. ಇದು ನನ್ನ ಭ್ರಮೆನಾ ಅಥವಾ ನಿಜವಾಗ್ಲೂ ಸಂಬಂಧ ಇದೆಯಾ? ಮರಾನೇ ಇಲ್ಲದ ಆ ಮರುಭೂಮೀಲಿ ಇಷ್ಟು ಕೆತ್ತಿದೋರು ಯಾರು? ಎಂಟು ಒಂಬತ್ತು ನೂರು ವರ್ಷ ಅದು ಉಳಿದಿದ್ದು ಹೇಗೆ?

ಇನ್ನೊಂದು ವಿಷಯ. ವಾಪಸ್ ಬರ್ತಾ ಒಂದು ದೊಡ್ಡ ಊರಲ್ಲಿ ಹಳೇ ಸಾಮಾನಿನ ಅಂಗಡಿಗೆ ಹೋಗಿದ್ವಿ, ಅಂಗಡಿಯೋರು ಒಂದೂವರೆ ಅಡಿ ಉದ್ದದ ಮರದ ಕೆತ್ತನೆ ತೋರಿಸಿದ್ರು, ಕೈಯಲ್ಲಿ ಹೂಮಾಲೆ ಹಿಡಿದು ಹಾರ್ತಿರೋ ಹೆಂಗಸು, ತುಂಬಾ ಚೆನ್ನಾಗಿದೆ. ನೇಪಾಳದ ಒಂದು ವಿಹಾರದ್ದು, 300 ವರ್ಷ ಹಳೇದು ಅಂದ್ರು. ನಾವು ಈಗ ಮನೆ ಕಟ್ತಿದೀವಿ, ದೇವರ ಕೋಣೆ ಬಾಗಿಲ ಮೇಲೆ ಕೂರಿಸಿದ್ರೆ ಹೇಗೆ ಅಂತ ಆಸೆ ಆಗಿದೆ. ಇನ್ನೂ ತಗೊಂಡಿಲ್ಲ, ಫೋಟೋ ಮಾತ್ರ ತೆಗೆದಿದೀನಿ, ಅವ್ರು ದಿನಾ ಫೋನ್ ಮಾಡ್ತಿದಾರೆ. ತಿಳಿದೋರು ಹೇಳಿ.

ಸಿಂಧೂತೀರ ಬರೆದದ್ದು:

ಭ್ರಮೆ ಅಲ್ಲ. ನಾನು ಆಲ್ಚಿಗೆ ನಾಲ್ಕು ಸಲ ಹೋಗಿದೀನಿ, ಒಂದು ಸಲ ಅದಕ್ಕೆ ಅಂತಲೇ ಮೂರು ದಿನ ಹಳ್ಳೀಲಿ ಉಳ್ಕೊಂಡಿದ್ದೆ, ಹಾಗಾಗಿ ಸ್ವಲ್ಪ ಉದ್ದಕ್ಕೆ ಬರೀತೀನಿ.

ಹತ್ತನೇ ಶತಮಾನದ ಕೊನೇಲಿ ಪಶ್ಚಿಮ ಟಿಬೆಟ್ಟಿನಲ್ಲಿ ಗೂಗೆ ಅಂತ ರಾಜ್ಯ ಇತ್ತು. ಅಲ್ಲಿನ ರಾಜ ಯೇಶೆ ಓ ಬೌದ್ಧಧರ್ಮ ಮತ್ತೆ ಚಿಗುರ್ಬೇಕು ಅಂತ 21 ಹುಡುಗರನ್ನ ಕಾಶ್ಮೀರಕ್ಕೆ ಓದೋಕೆ ಕಳಿಸಿದ, ಸೆಕೆ ಜ್ವರ ಅಂತ ಅವರಲ್ಲಿ ಹೆಚ್ಚಿನೋರು ತೀರ್ಕೊಂಡ್ರು, ವಾಪಸ್ ಬಂದಿದ್ದು ಇಬ್ಬರೇ ಅಂತ ಅಲ್ಲಿ ಕಥೆ ಹೇಳ್ತಾರೆ. ಆ ಇಬ್ಬರಲ್ಲಿ ಒಬ್ರು ರಿನ್ಚೆನ್ ಝಾಂಗ್ಪೋ, 958ರಿಂದ 1055ರವರೆಗೆ ಬದುಕಿದ್ದ ದೊಡ್ಡ ಭಾಷಾಂತರಕಾರ, ಲಡಾಖಲ್ಲಿ ಲೋತ್ಸಾವ (ಭಾಷಾಂತರಕಾರ) ಅಂದ್ರೆ ಇವರೇ. ಅವರು ಕಾಶ್ಮೀರದಿಂದ ಬರ್ತಾ 32 ಜನ ಕಲಾವಿದರನ್ನ ಕರ್ಕೊಂಡು ಬಂದ್ರು, 108 ಗುಡಿ ಕಟ್ಟಿಸಿದ್ರು ಅಂತ ಪರಂಪರೆ. 108 ಅನ್ನೋದು ಶುಭ ಸಂಖ್ಯೆ, ಲೆಕ್ಕ ಅಲ್ಲ. ಆದ್ರೆ ಕಾಶ್ಮೀರದ ಕೈ ಆ ಕಡೆಗೆ ಬಂದಿದ್ದು ಮಾತ್ರ ಕಣ್ಣಿಗೆ ಕಾಣೋ ಸತ್ಯ. ಹಿಮಾಚಲದ ಸ್ಪಿತಿಯ ತಾಬೋ ಮಠ ಶುರುವಾಗಿದ್ದು 996ರಲ್ಲಿ, ಅಲ್ಲೂ ಹಳೇ ಬಾಗಿಲವಾಡದ ಕೆತ್ತನೆ ಇದೆ.

ನೀವು ಹೇಳಿದ ತ್ರಿಕೋನ ಮತ್ತು ಅದರೊಳಗಿನ ಮೂರೆಸಳಿನ ಕಮಾನು ಇದೆಯಲ್ಲ, ಅದು ಕಾಶ್ಮೀರದ ರುಜು. ಮಾರ್ತಾಂಡದ ಸೂರ್ಯ ದೇವಸ್ಥಾನ, ಶ್ರೀನಗರದ ಹತ್ರ ಪಾಂಡ್ರೆಥನ್, ಎರಡರಲ್ಲೂ ಅದೇ ಆಕಾರ ಕಲ್ಲಲ್ಲಿದೆ. ಕಾಶ್ಮೀರದಲ್ಲಿ ಆ ಕಾಲದ ಮರದ ಗುಡಿಗಳು ಒಂದೂ ಉಳಿದಿಲ್ಲ, ಕಲ್ಲಿನ ಕೆಲವು ಗುಡಿ, ಮ್ಯೂಸಿಯಮ್‌ಗಳಲ್ಲಿ ಒಂದಷ್ಟು ದಂತದ ಕೆತ್ತನೆ ಅಷ್ಟೇ ಸಿಗೋದು. ಕಾಶ್ಮೀರದ ಬಡಗಿಗಳು ಏನು ಮಾಡ್ತಿದ್ರು ಅಂತ ನೋಡ್ಬೇಕು ಅಂದ್ರೆ ನಾವು ಜೋಜಿಲಾ ಅನ್ನೋ ಕಣಿವೆದಾರಿ ದಾಟಿ ಲಡಾಖಿಗೆ ಹೋಗ್ಬೇಕು. ಆ ಬಾಗಿಲ ಮುಂದೆ ನಿಂತಾಗ ಪ್ರತಿ ಸಲ ನನಗೆ ಇದೇ ನೆನಪಾಗಿ ಗಂಟಲು ಕಟ್ಟತ್ತೆ, ತವರಲ್ಲಿ ಗುರುತೇ ಇಲ್ಲದ ಒಂದು ವಿದ್ಯೆ ಕೊಟ್ಟ ಮನೇಲಿ ಬದುಕಿದೆ.

ಕಂಬಗಳನ್ನ ಗಮನಿಸಿದ್ರಾ, ಉದ್ದುದ್ದ ಗೀರು ಹೊಡೆದಿದಾರೆ, ಮೇಲೆ ಬೋದಿಗೇಲಿ ಸುರುಳಿ ಇದೆ. ಅದು ಗಾಂಧಾರದ ಮೂಲಕ ಬಂದ ಗ್ರೀಕ್ ಕಂಬದ ನೆನಪು ಅಂತಾರೆ, ನೋಡಿದ್ರೆ ಹೌದು ಅನ್ನಿಸತ್ತೆ.

ಉಳಿದಿದ್ದು ಹೇಗೆ ಅಂದ್ರೆ ಮೊದಲನೇದು ಹವೆ. ಲೇಹ್‌ನಲ್ಲಿ ವರ್ಷಕ್ಕೆ ಸುಮಾರು 100 ಮಿಲಿಮೀಟರ್ ಮಳೆ, ನಿಮ್ಮ ಸಕಲೇಶಪುರದಲ್ಲಿ ಜುಲೈಯಲ್ಲಿ ಅಷ್ಟು ಒಂದೇ ದಿನಕ್ಕೆ ಬಂದುಬಿಡತ್ತೆ. ಒಣ ಚಳಿ, ಗೆದ್ದಲಿನ ಕಾಟ ಇಲ್ಲ. ಎರಡನೇದು, ಆಲ್ಚಿಯಲ್ಲಿ ದೊಡ್ಡ ಮಠ ಬೆಳೀಲೇ ಇಲ್ಲ, ನಿತ್ಯಪೂಜೆ ಕಡಿಮೆ ಆಗಿ ಎಷ್ಟೋ ಶತಮಾನ ಆಯ್ತು, ಈಗ ಲಿಕಿರ್ ಮಠದೋರು ನೋಡ್ಕೋತಾರೆ. ದೀಪದ ಹೊಗೆ ಕಮ್ಮಿ, ಜೀರ್ಣೋದ್ಧಾರ ಮಾಡ್ತೀವಿ ಅಂತ ಕೆಡವಿ ಕಟ್ಟೋರೂ ಕಮ್ಮಿ, ಹಾಗಾಗಿ ಹಳೇದು ಹಳೇದಾಗಿಯೇ ಉಳೀತು. ಈಗಿನ ಹೆದರಿಕೆ ಮಳೆದೇ. 2010ರ ಆಗಸ್ಟಲ್ಲಿ ಲೇಹ್‌ನಲ್ಲಿ ಮೇಘಸ್ಫೋಟ ಆಯ್ತಲ್ಲ, ಮಣ್ಣಿನ ಮಾಳಿಗೆಗಳಿಗೆ ಅಂಥ ಮಳೆ ತಡೆಯೋ ಶಕ್ತಿ ಇಲ್ಲ, ಮೇಲಿಂದ ಸೋರಿದ್ರೆ ಒಳಗಿನ ಚಿತ್ರ, ಮರ ಎರಡೂ ಹಾಳು.

ಆ ಅಂಗಡಿ ತುಂಡಿನ ಬಗ್ಗೆ ನೇಪಾಳ ಗೊತ್ತಿರೋರು ಹೇಳ್ಲಿ, ಅಲ್ಲೀವರೆಗೂ ದಯವಿಟ್ಟು ದುಡ್ಡು ಕೊಡ್ಬೇಡಿ.

ಉಳಿಕೊಡತಿ ಬರೆದದ್ದು:

ನಾನು ಸಾಗರದ ಹತ್ರದೋನು, ಮರಗೆಲಸದ ಮನೆ. ಬಾಗಿಲ ಪಟ್ಟಿ ವಿಷಯ ನಾನು ಹೇಳ್ತೆ.

ನೀವು ಪಟ್ಟಿ ಅಂದಿದ್ದಕ್ಕೆ ಶಾಖೆ ಅಂತ ಹೆಸರು. ಮೂರಿದ್ರೆ ತ್ರಿಶಾಖೆ, ಐದಿದ್ರೆ ಪಂಚಶಾಖೆ, ಏಳಿದ್ರೆ ಸಪ್ತಶಾಖೆ. ಒಂದರಲ್ಲಿ ಬಳ್ಳಿ, ಒಂದರಲ್ಲಿ ಮಣಿ, ಒಂದರಲ್ಲಿ ಜೋಡಿ ಮೂರ್ತಿ, ಒಂದರಲ್ಲಿ ಕಂಬದ ಆಕಾರ, ನಡು ತಲೆ ಮೇಲೆ ಲಲಾಟಬಿಂಬ ಅನ್ನೋ ಪುಟ್ಟ ಮೂರ್ತಿ. ಇದು ಹೊಯ್ಸಳರ ಸ್ವಂತದ್ದೂ ಅಲ್ಲ ಕಾಶ್ಮೀರದ್ದೂ ಅಲ್ಲ, ಗುಪ್ತರ ಕಾಲದಷ್ಟೊತ್ತಿಗೇ ಗಟ್ಟಿಯಾಗಿದ್ದ ಪದ್ಧತಿ. ಐದನೇ ಶತಮಾನದ ಅಜಂತಾ ವಿಹಾರಗಳ ಬಾಗಿಲು ನೋಡಿ, ಬೌದ್ಧರದ್ದೇ, ಅಲ್ಲೂ ಶಾಖೆ ಇದೆ. ಅಲ್ಲಿಂದ ಒಂದು ಕವಲು ದಕ್ಷಿಣಕ್ಕೆ ಬಂದು ಚಾಲುಕ್ಯರು, ಹೊಯ್ಸಳರ ಕೈಗೆ ಸಿಕ್ತು, ಒಂದು ಕವಲು ಉತ್ತರದ ಬೆಟ್ಟ ಹತ್ತಿತು. ಬೇಲೂರಿನ ಬಾಗಿಲೂ ಆಲ್ಚಿ ಬಾಗಿಲೂ ದಾಯಾದಿಗಳು ಅಂತ ಇಟ್ಕೊಳಿ, ಒಬ್ಬರ ಮನೆಗೆ ಒಬ್ಬರು ಹೋಗಿಲ್ಲ ಆದ್ರೆ ಮುತ್ತಜ್ಜ ಒಬ್ಬನೇ. ಹಿಮಾಚಲದ ಭರ್ಮೌರಿನಲ್ಲಿ ಲಕ್ಷಣಾದೇವಿ ಗುಡಿ ಇದೆ, ಮರದ ಮುಖಮಂಟಪ, ಮೇರುವರ್ಮ ಅನ್ನೋ ರಾಜನ ಕಾಲದ್ದು, 1300 ವರ್ಷದ ಹತ್ತಿರ. ಅದು ಹಿಂದೂ ಗುಡಿ, ಆದ್ರೆ ಬಾಗಿಲ ಲೆಕ್ಕ ಅದೇ. ಅಲ್ಲಿ ಲೋಹದ ಮೂರ್ತಿ ಪೀಠದಲ್ಲಿ ಮಾಡಿದವನ ಹೆಸರು ಬರೆದಿದಾರೆ, ಗುಗ್ಗ ಅಂತ. ನಮ್ಮಲ್ಲಿ ಹೊಯ್ಸಳ ಶಿಲ್ಪಿಗಳು ಮಲ್ಲಿತಮ್ಮ, ದಾಸೋಜ ಅಂತ ರುಜು ಹಾಕಿದ ಹಾಗೆ. ಆಲ್ಚಿಲಿ ಕಟ್ಟಿಸಿದವರ ಹೆಸರು ಶಾಸನದಲ್ಲಿದೆ ಅಂತ ಕೇಳಿದೀನಿ, ಉಳಿ ಹಿಡಿದವನ ಹೆಸರು ಇಲ್ಲ. ನನಗೆ ಅದೊಂದು ನೋವು.

ಇನ್ನೊಂದು ಮಾತು, ಕೆಲಸ ಮಾಡೋನಾಗಿ. ಶಾಖೆ ಅನ್ನೋದು ಕಲ್ಲಲ್ಲಿ ಬರೀ ಅಲಂಕಾರ ಥರ ಕಾಣತ್ತೆ, ಮರದಲ್ಲಿ ಅದಕ್ಕೊಂದು ಕಾರಣ ಇದೆ. ದಪ್ಪ ಗೋಡೆಗೆ ಒಂದೇ ಅಗಲದ ಹಲಗೆ ಬಾಗಿಲವಾಡ ಮಾಡಿದ್ರೆ ಅದು ಸೊಟ್ಟ ಆಗತ್ತೆ, ಸೀಳತ್ತೆ. ಸಣ್ಣ ಸಣ್ಣ ಪಟ್ಟಿನ ಒಂದರ ಹಿಂದೆ ಒಂದು ಮೆಟ್ಟಿಲ ಥರ ಒಳಗೆ ಇಳಿಸ್ತಾ ಹೋದ್ರೆ ಪ್ರತಿ ಪಟ್ಟಿ ತನ್ನಷ್ಟಕ್ಕೆ ಹಿಗ್ಗಿ ಕುಗ್ಗತ್ತೆ, ಒಂದು ಹಾಳಾದ್ರೆ ಅದೊಂದನ್ನೇ ಬದಲಾಯಿಸ್ಬಹುದು, ಕಣ್ಣಿಗೂ ಒಳಗೆ ಕರೆದ ಹಾಗೆ ಇರತ್ತೆ. ಸೇರಿಸೋದು ತೂತು ಮತ್ತೆ ನಾಲಿಗೆ, ಮೇಲೊಂದು ಮರದ ಗೂಟ, ಮೊಳೆ ಇಲ್ಲ. ಮೊಳೆ ತುಕ್ಕು ಹಿಡಿದು ಸುತ್ತಲಿನ ಮರ ತಿನ್ನತ್ತೆ. ನಮ್ಮ ಅಜ್ಜ ಬಾಗಿಲವಾಡಕ್ಕೆ ಒಂದು ಮೊಳೆ ಹೊಡೆಯೋಕೂ ಬಿಡ್ತಿರ್ಲಿಲ್ಲ.

ಕಣಿವೆವಾಸಿ ಬರೆದದ್ದು:

ನಮಸ್ಕಾರ್ರಿ. ನಾ ಹುಬ್ಬಳ್ಳಿಯಾಂವ, ಕೆಲಸದ ಸಲುವಾಗಿ ಆರು ವರ್ಷದಿಂದ ಕಾಠ್ಮಂಡು ಕಣಿವ್ಯಾಗ ಅದೀನಿ, ಮನಿ ಪಾಟನ್‌ದಾಗ. ನಿಮ್ಮ ಪ್ರಶ್ನೆ ಓದಿ ರಾತ್ರಿ ನಿದ್ದಿ ಬರಲಿಲ್ಲ, ಅದಕ್ಕ ಎಲ್ಲಾ ಬರೀತೀನಿ.

ಇಲ್ಲೆ ಮರದ ಕೆತ್ತನಿ ನೇವಾರ ಮಂದೀದು, ಈ ಕಣಿವ್ಯಾಗಿನ ಹಳೇ ಮಂದಿ ಅವರು. ಶಿಲ್ಪಕಾರ ಅಂತ ಮನೆತನದವರು ತಲಿ ತಲಾಂತರದಿಂದ ಮಾಡ್ಕೋತ ಬಂದಾರ. ಬುಂಗಮತಿ ಅಂತ ಹಳ್ಳಿ ಐತಿ, ಓಣಿಯೊಳಗ ಹಾದು ಹೋದ್ರ ಎರಡೂ ಕಡೆ ಉಳಿ ಸಪ್ಪಳ. ಬಾಗಿಲಿಗೆ, ಕಂಬಕ್ಕ, ಭಾರ ಹೊರೋ ಕಡೆ ಸಾಲ್ ಮರ, ಬುದ್ಧ ಕುಶಿನಾರದಾಗ ಮಲಗಿದ್ನಲ್ಲ, ಎರಡು ಸಾಲವೃಕ್ಷದ ನಡುವ, ಅದ ಮರ. ನಯಾ ಕೆತ್ತನಿಗೆ ಚಾಂಪ್ ಅಂತ ತರತಾರ, ನಾ ಮೊದಲ ಸಲ ಕೇಳಿದಾಗ ಯಾವುದೋ ಹೊಸ ಮರ ಅನ್ಕೊಂಡಿದ್ದೆ, ಆಮ್ಯಾಲೆ ನೋಡಿದ್ರ ನಮ್ಮ ಸಂಪಿಗಿ! ಚಂಪಕದಿಂದ ಇಲ್ಲೆ ಚಾಂಪ್, ಅಲ್ಲೆ ಸಂಪಿಗಿ.

ಬೌದ್ಧ ವಿಹಾರಕ್ಕ ಇಲ್ಲೆ ಬಹಾ ಅಂತಾರ. ನಡುವ ಅಂಗಳ, ಸುತ್ತ ಎರಡು ಅಂತಸ್ತಿನ ಇಟ್ಟಂಗಿ ಮನಿ, ಎದುರಿಗೆ ಗರ್ಭಗುಡಿ. ಆ ಬಾಗಿಲದ ಮ್ಯಾಲೆ ಅರ್ಧಚಂದ್ರದಂಗ ಒಂದು ಮರದ ತೋರಣ ಇರತೈತಿ, ಗ್ವಾಡಿಗೆ ನೆಟ್ಟಗ ಅಂಟಿಸಿರಂಗಿಲ್ಲ, ಮುಂದಕ್ಕ ಬಾಗಿಸಿ ಕೂಡಿಸಿರತಾರ, ಕೆಳಗ ನಿಂತು ಕೈ ಮುಗದಂವಗ ಮುಖ ಕಾಣ್ಲಿ ಅಂತ. ಮ್ಯಾಲೆ ನಡುವ ಛೇಪು ಅಂತ ಒಂದು ಮುಖ, ದೇಹ ಇಲ್ಲ, ಬಾಯಾಗ ಕೈಯಾಗ ಹಾವು ಹಿಡದಿರತೈತಿ. ನಮ್ಮ ಕಡೆ ಸಿಂಹಲಲಾಟ ಅಂತೀವಲ್ಲ, ಕೀರ್ತಿಮುಖ, ಅದ. ಎರಡೂ ಕಡೆ ಕೆಳಗ ಮಕರ. ನಟ್ಟ ನಡುವ ಒಬ್ಬ ದೇವರು. ವೈರೋಚನ ಇರಬಹುದು, ಅಕ್ಷೋಭ್ಯ ಇರಬಹುದು, ನಾಮಸಂಗೀತಿ ಮಂಜುಶ್ರೀ ಇರಬಹುದು. ಒಳಗ ಕುಂತ ದೇವರಿಗೂ ಹೊರಗ ತೋರಣದಾಗಿನ ದೇವರಿಗೂ ಸಂಬಂಧ ಇರತೈತಿ, ಕದ ಮುಚ್ಚಿದ್ರೂ ಇದು ಯಾರ ಮನಿ ಅಂತ ತೋರಣ ನೋಡಿ ಓದಬಹುದು.

ಬಾಗಿಲವಾಡ ಸುದ್ದಾ ನೋಡೂವಂಗ ಇರತೈತಿ. ಹೊರಗ ಒಂದು ವಾಡ, ಒಳಗ ಒಂದು ವಾಡ. ಮ್ಯಾಲಿನ ಅಡ್ಡಪಟ್ಟಿ, ಕೆಳಗಿನ ಹೊಸ್ತಿಲ ಎರಡೂ ಬಾಗಿಲದ ಅಗಲಕ್ಕ ನಿಲ್ಲಂಗಿಲ್ಲ, ಎರಡೂ ಕಡೆ ಉದ್ದಕ ಚಾಚಿ ಇಟ್ಟಂಗಿ ಗ್ವಾಡ್ಯಾಗ ಹೋಗತಾವ. ನೋಡಾಕೂ ಚಂದ, ಗ್ವಾಡಿ ಭಾರಾನೂ ಹಂಚತಾವ. 2015ರ ಏಪ್ರಿಲ್ 25ಕ್ಕ 7.8ರ ಭೂಕಂಪ ಆತಲ್ರಿ, ಪಾಟನ್ ದರ್ಬಾರ್ ಚೌಕದಾಗ ಚಾರ್ ನಾರಾಯಣ, ಹರಿಶಂಕರ ಎರಡೂ ಗುಡಿ ನೆಲಕ್ಕ ಬಿದ್ದವು. ಇಟ್ಟಂಗಿ ಪುಡಿ ಆಗಿತ್ತು, ಕೆತ್ತಿದ ಮರ ಬಾಳಷ್ಟು ಉಳದಿತ್ತು. ಒಂದೊಂದು ತುಂಡು ಆರಿಸಿ, ತೊಳದು, ನಂಬರ್ ಹಾಕಿ, ಮುರದಲ್ಲೆ ಹೊಸ ಮರ ಕೂಡಿಸಿ, ಅದ ಗುಡಿಗೆ ತಿರುಗಿ ಏರಿಸಿದ್ರು. ಮೊಳಿ ಇಲ್ಲದ ಜೋಡಣಿ ಆಗಿದ್ದಕ್ಕ ಬಿಚ್ಚಿ ಕೂಡ್ಸಾಕ ಬಂತು.

ಈಗ ಹಾಸನದವರಿಗೆ ಅಂತ ಇನ್ನೊಂದು. ಪಾಟನ್‌ದಾಗ ಉಕು ಬಹಾ ಐತಿ, ರುದ್ರವರ್ಣ ಮಹಾವಿಹಾರ ಅಂತ ಹೆಸರು. ಅಲ್ಲಿ ಸೂರಿನ ಕೆಳಗ ಓರೆಯಾಗಿ ಕೊಟ್ಟ ಮರದ ಆಸರಿಗಳು ಅದಾವ, ಟೂನಾಲ ಅಂತಾರ. ಹಳೇವು ಹೆಣ್ಣಿನ ಆಕಾರ, ಗಿಡದ ಕೆಳಗ ಒಂದು ಕಾಲು ಮಡಚಿ, ಟೊಂಗಿ ಹಿಡದು, ನಡಾ ತಿರುವಿ ನಿಂತಾಳ, ಕಾಲ ಕೆಳಗ ಕುಬ್ಜ. ಶಾಲಭಂಜಿಕೆ. ನಿಮ್ಮ ಬೇಲೂರಿನ 42 ಮದನಿಕೆಯರು ಎಲ್ಲೆ ನಿಂತಾರ ಹೇಳ್ರಿ? ಹೊರಗಿನವರು ಸೂರಿನ ಕೆಳಗ, ಓರೆಯಾಗಿ, ಕಂಬಕ್ಕೂ ಸೂರಿಗೂ ನಡುವ. ಅದ ಜಾಗ, ಅದ ಬಾಗು. ಮರದಾಗ ಅದು ಸೂರು ಹೊರೋ ಕೆಲಸ ಮಾಡತೈತಿ, ಬೇಲೂರಿನ ಕಲ್ಲಿನಾಗ ಆ ಹೊರೆ ಇಳದು ಬರೇ ಕುಣಿತ ಉಳದೈತಿ ಅನ್ನೂದು ನನ್ನ ಅನಿಸಿಕಿ. ಇಲ್ಲಿನ ಇಂಥಾ ಮರಗಳನ್ನ ಕಾರ್ಬನ್ ಪರೀಕ್ಷೆ ಮಾಡಿಸಿದಾಗ ಭಾಳಷ್ಟು ತುಂಡು ಮೊದಲು ತಿಳದಿದ್ದಕಿಂತ ನೂರಾರು ವರ್ಷ ಹಳೇವು ಅಂತ ಗೊತ್ತಾತು.

ಇನ್ನ ನಿಮ್ಮ ಮಾಲಿ ಹಿಡದ ಹೆಣ್ಣುಮಗಳು. ಬ್ಯಾಡ್ರಿ. ಕೈ ಮುಗದು ಕೇಳ್ಕೋತೀನಿ, ಬ್ಯಾಡ್ರಿ. ಕಾಠ್ಮಂಡುವಿನ ಇಟುಂ ಬಹಾ ಅಂತ ಹಳೇ ವಿಹಾರದ ಕಿಟಕಿ ಅಲಂಕಾರದಾಗಿಂದ 14ನೇ ಶತಮಾನದ ಒಬ್ಬ ಅಪ್ಸರೆ ಕಳುವಾಗಿದ್ಲು, ಕೈಯಾಗ ಮಾಲಿ. ಪಾಟನ್‌ನ ಯಂಪಿ ಮಹಾವಿಹಾರದ 17ನೇ ಶತಮಾನದ ತೋರಣದ ಮ್ಯಾಲಿನ ಭಾಗಾನೂ ಕಳುವಾಗಿತ್ತು. ಎರಡೂ ನ್ಯೂಯಾರ್ಕಿನ ರೂಬಿನ್ ಮ್ಯೂಸಿಯಂನಾಗ ಇದ್ವು. ಲಾಸ್ಟ್ ಆರ್ಟ್ಸ್ ಆಫ್ ನೇಪಾಲ್ ಅಂತ ಫೇಸ್‌ಬುಕ್ ಪೇಜಿನವರು ಹಳೇ ಫೋಟೋ ಜೋಡಿಸಿ ತೋರಿಸಿದ್ರು, ಮ್ಯೂಸಿಯಂನವರು ವಿಚಾರ ಮಾಡ್ಸಿ 2022ರ ಜನವರಿಯಾಗ ಎರಡೂ ವಾಪಸ್ ಕೊಡ್ತೀವಿ ಅಂತ ಹೇಳಿ ಕೊಟ್ರು. 2023ಕ್ಕ ಇಟುಂ ಬಹಾದಾಗ ಊರವರ ಕೈಯಾಗ ಒಂದು ಸಣ್ಣ ಮ್ಯೂಸಿಯಂ ಸುದ್ದಾ ತೆರೀತು. ನಿಮ್ಮ ಕೈಗೆ ಬಂದದ್ದು ಕಳವಿಂದ ಅಂತ ನಾ ಹೇಳಂಗಿಲ್ಲ, ನೋಡಿಲ್ಲ. ಆದ್ರ ಅಂಗಡಿಯವರು ವಿಹಾರದ್ದು ಅಂತ ಅವರ ಬಾಯಿಲೇ ಹೇಳ್ಯಾರ. ವಿಹಾರ ಯಾರಪ್ಪನ ಆಸ್ತಿರಿ? ಬಹಾದ ಸಂಘದ್ದು, ಅಲ್ಲಿ ದೀಪ ಹಚ್ಚೋ ಮನೆತನಗಳದ್ದು. ನೇಪಾಳದ 1956ರ ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ್ದು ದೇಶದಿಂದ ಹೊರಗ ಒಯ್ಯೂವಂಗಿಲ್ಲ. ನಿಮ್ಮ ದೇವರ ಮನಿ ಬಾಗಿಲ ಮ್ಯಾಲೆ ಇನ್ನೊಬ್ಬರ ದೇವರ ಮನಿ ಬಾಗಿಲದಿಂದ ಕಿತ್ತದ್ದು ಹ್ಯಾಂಗ ಇಡತೀರಿ?

ಹೊಸ್ತಿಲಪಕ್ಕ ಬರೆದದ್ದು:

ಕಣಿವೆವಾಸಿ ಅವರೇ, ಓದಿ ಸುಮಾರು ಹೊತ್ತು ಸುಮ್ನೆ ಕೂತಿದ್ದೆ. ನನಗೆ ಆ ಯೋಚನೆನೇ ಬಂದಿರ್ಲಿಲ್ಲ, ಚೆನ್ನಾಗಿದೆ ಅಂತ ಮಾತ್ರ ನೋಡಿದ್ದೆ. ಮನೇಲೂ ಓದಿ ಹೇಳಿದೆ, ನಮ್ಮಮ್ಮ ಒಂದೇ ಮಾತು ಅಂದ್ರು, ನಮ್ಮೂರ ಗುಡಿಯಿಂದ ಯಾರಾದ್ರೂ ಹೀಗೆ ಕಿತ್ಕೊಂಡು ಹೋಗಿದ್ರೆ ಅಂತ. ಅಂಗಡಿಯೋರಿಗೆ ಬೇಡ ಅಂತ ಮೆಸೇಜ್ ಹಾಕಿದೀನಿ. ಫೋಟೋ ನನ್ನತ್ರ ಮೂರಿದೆ, ಒಂದರಲ್ಲಿ ಹಿಂಭಾಗಾನೂ ಬಂದಿದೆ. ಹಿಂದೆ ಒಂದು ತುದೀಲಿ ಗರಗಸದಲ್ಲಿ ಕೊಯ್ದ ಹಾಗೆ ಬಿಳಿ ಗುರುತಿದೆ. ಇದರಿಂದ ಏನಾದ್ರೂ ತಿಳಿಯತ್ತಾ?

ಉಳಿಕೊಡತಿ ಬರೆದದ್ದು:

ತಿಳೀತದೆ. ಕಿಟಕಿಗೋ ವಾಡಕ್ಕೋ ಕೂರಿಸಿದ ಮೂರ್ತಿಗೆ ಹಿಂದೆ ಅಥವಾ ತುದೀಲಿ ನಾಲಿಗೆ ಇರತ್ತೆ, ಅದು ತೂತಿನೊಳಗೆ ಕೂತಿರತ್ತೆ. ಗೂಟ ತೆಗೆದು ನಿಧಾನಕ್ಕೆ ಬಿಚ್ಚಿದ್ರೆ ನಾಲಿಗೆ ಪೂರ್ತಿ ಬರತ್ತೆ. ಅವಸರದಲ್ಲಿ ಕತ್ತರಿಸಿದ್ರೆ ನಾಲಿಗೆ ಅಲ್ಲೇ ಉಳಿದು ಇಲ್ಲಿ ಕೊಯ್ದ ಗುರುತು ಉಳಿಯತ್ತೆ. ಹೊರಗಿನ ಮೈ ಕಪ್ಪಾಗಿ ಕೊಯ್ದ ಜಾಗ ಮಾತ್ರ ಬಿಳಿ ಇದೆ ಅಂದ್ರೆ ಕೊಯ್ದು ತುಂಬಾ ಕಾಲ ಆಗಿಲ್ಲ. ಹೊಸದನ್ನೇ ಹೊಗೆ ಹಾಕಿ ಎಣ್ಣೆ ಬಳಿದು ಹಳೇದು ಅಂತ ಮಾರೋದೂ ಇದೆ, ಫೋಟೋ ಒಂದರಲ್ಲೇ ಅದನ್ನ ಬೇರೆ ಮಾಡಿ ಹೇಳೋಕಾಗಲ್ಲ. ಮರ ಕೈಯಲ್ಲಿ ಹಿಡೀಬೇಕು, ಪಕ್ಕದಿಂದ ಬೀಳೋ ಓರೆ ಬೆಳಕಲ್ಲಿ ಉಳಿ ಗುರುತು ನೋಡ್ಬೇಕು.

ಕಣಿವೆವಾಸಿ ಬರೆದದ್ದು:

ಆ ಮೂರೂ ಫೋಟೋ ನಾ ಹೇಳಿದ ಪೇಜಿಗೆ ಕಳಸ್ರಿ, ಅಳತಿ ಸಮೇತ. ಅವರು ಹಳೇ ಫೋಟೋಗಳ ಜೋಡಿ ಹೋಲಿಸಿ ನೋಡತಾರ. ಭಾರತದಾಗೂ 1972ರ ಪುರಾತನ ವಸ್ತುಗಳ ಕಾಯ್ದೆ ಐತಿ, ನೂರು ವರ್ಷ ದಾಟಿದ್ದನ್ನ ಲೈಸೆನ್ಸ್ ಇಲ್ಲದ ವ್ಯಾಪಾರ ಮಾಡೂವಂಗಿಲ್ಲ. ಪುರಾತತ್ವ ಇಲಾಖೆಗೂ ಒಂದು ಪತ್ರ ಬರದ್ರ ಛಲೋ.

ಕಾವೇರಿಸೀಮೆ ಬರೆದದ್ದು:

ಕುಶಾಲನಗರದಿಂದ ಬರೀತಿದೀನಿ. ಆಲ್ಚಿ, ಪಾಟನ್ ಎಲ್ಲ ಆಯ್ತು, ಟಿಬೆಟನ್ ಬಾಗಿಲ ಬಗ್ಗೆ ಯಾರೂ ಹೇಳ್ಲಿಲ್ಲ, ಅದು ನಮ್ಮ ಪಕ್ಕದಲ್ಲೇ ಇದೆ. ಬೈಲಕುಪ್ಪೆಯ ನಾಮ್‌ಡ್ರೋಲಿಂಗ್ ಮಠ 1963ರಲ್ಲಿ ಶುರುವಾಗಿದ್ದು, ಎಲ್ಲರೂ ಗೋಲ್ಡನ್ ಟೆಂಪಲ್ ಅನ್ನೋ ದೊಡ್ಡ ಗುಡಿ 1999ರದ್ದು. ಟೂರಿಸ್ಟ್‌ಗಳು ಒಳಗಿನ ಚಿನ್ನದ ಬಣ್ಣದ ಮೂರ್ತಿ ನೋಡೋಕೆ ಓಡ್ತಾರೆ, ನಾನು ನೆಂಟರನ್ನ ಕರ್ಕೊಂಡು ಹೋದಾಗ ಬಾಗಿಲಲ್ಲೇ ನಿಲ್ಲಿಸ್ತೀನಿ. ಕೆಂಪು ಕದ, ಲೋಹದ ಪಟ್ಟಿ, ದೊಡ್ಡ ಬಳೆ, ಬಳೆಗೆ ಬಣ್ಣಬಣ್ಣದ ರೇಷ್ಮೆ ಕುಚ್ಚು. ವಾಡದ ಸುತ್ತ ನಿಮ್ಮ ಶಾಖೆ ಥರಾನೇ ಸಾಲುಗಳು. ಒಂದು ಸಾಲು ಕಮಲದ ಎಸಳು, ಅವರು ಪೆಮಾ ಅಂತಾರೆ, ನಮ್ಮ ಪದ್ಮವೇ ಬಾಯಲ್ಲಿ ಸವೆದು ಹಾಗಾಗಿದ್ದು. ಇನ್ನೊಂದು ಸಾಲು ಸಣ್ಣ ಸಣ್ಣ ಚೌಕ ತುಂಡುಗಳನ್ನ ಹೆಜ್ಜೆ ಹೆಜ್ಜೆಯಾಗಿ ಪೇರಿಸಿದ್ದು, ಅದಕ್ಕೆ ಚೋತ್ಸೆಕ್ ಅಂತ ಹೆಸರು. ಚೋ ಅಂದ್ರೆ ಧರ್ಮ, ತ್ಸೆಕ್ ಅಂದ್ರೆ ಪೇರಿಸಿದ್ದು. ಆಲ್ಚಿಯ ಆ ಮೂರಂತಸ್ತಿನ ಗುಡಿಗೆ ಸುಮ್‌ತ್ಸೆಕ್ ಅಂತಾರಲ್ಲ, ಅಲ್ಲೂ ಇದೇ ತ್ಸೆಕ್, ಮೂರು ಪೇರಿಸಿದ್ದು ಅಂತ. ಒಬ್ಬ ವಯಸ್ಸಾದ ಭಿಕ್ಷು ನನಗೆ ಬೆರಳು ಮಡಚಿ ಮಡಚಿ ಇದನ್ನ ಕನ್ನಡದಲ್ಲೇ ವಿವರಿಸಿದ್ರು, ಅವರು ಹುಟ್ಟಿದ್ದು ಇಲ್ಲೇ.

ಆದ್ರೆ ಒಂದು ವ್ಯತ್ಯಾಸ ಇದೆ. ನೇವಾರರು ಹೆಚ್ಚಾಗಿ ಮರದ ಮೈ ಬರಿಯಾಗಿ ಬಿಡ್ತಾರೆ, ಇಲ್ಲಾಂದ್ರೆ ಎಣ್ಣೆ. ಟಿಬೆಟನ್ನರು ಪೂರ್ತಿ ಬಣ್ಣ ಹಚ್ತಾರೆ, ಆದ್ದರಿಂದ ಉಳಿ ಕೆಲಸ ಎಷ್ಟು, ಕುಂಚದ ಕೆಲಸ ಎಷ್ಟು ಅಂತ ಹತ್ರದಿಂದ ನೋಡ್ದೆ ತಿಳಿಯಲ್ಲ. ಹೊಸ ಕಟ್ಟಡಗಳಲ್ಲಿ ಇದೇ ಆಕಾರಗಳನ್ನ ಸಿಮೆಂಟಲ್ಲಿ ಹೊಯ್ದು ಬಣ್ಣ ಹಚ್ಚಿರೋದೂ ಉಂಟು, ನಮ್ಮ ಮಳೆಗೆ ಅದು ಬೇಕೇನೋ, ಆದ್ರೂ ನನಗೆ ಮರವೇ ಇಷ್ಟ. ಮರದಲ್ಲೇ ಕಲೀಬೇಕು ಅನ್ನೋರಿಗೆ ಧರ್ಮಶಾಲಾ ಹತ್ರ ನೊರ್ಬುಲಿಂಗ್ಕಾ ಸಂಸ್ಥೆ ಇದೆ, 1988ರದ್ದು, ಅಲ್ಲಿ ಕೆತ್ತನೆ ವರ್ಷಗಟ್ಟಲೆ ಕಲಿಸ್ತಾರೆ. ಭೂತಾನಲ್ಲಿ 13 ಕಲೆಗಳು ಅಂತ ಒಂದು ಲೆಕ್ಕ ಇದೆ, ಅದರಲ್ಲಿ ಶಿಂಗ್‌ಝೋ ಬಡಗಿ ಕೆಲಸ, ಪರ್‌ಝೋ ಕೆತ್ತನೆ, ಎರಡೂ ಬೇರೆ ಬೇರೆ ಅಂತ ಎಣಿಸ್ತಾರೆ.

ಮತ್ತೆ ಟಿಬೆಟ್ಟಿನ ಲಾಸಾದ ಜೋಖಾಂಗ್ ಗುಡಿ. ಏಳನೇ ಶತಮಾನದಲ್ಲಿ ಸೋಂಗ್ತ್ಸೆನ್ ಗಂಪೋ ರಾಜನ ನೇಪಾಳಿ ರಾಣಿ ಭೃಕುಟಿ ಹೆಸರು ಅದಕ್ಕೆ ಸೇರಿಕೊಂಡಿದೆ. ಒಳಗಿನ ಕೆಲವು ಗರ್ಭಗುಡಿಗಳ ಬಾಗಿಲವಾಡ, ಕಂಬಗಳು ನೇವಾರರ ಕೈಕೆಲಸ, ಹಿಮಾಲಯದ ಆಚೆ ಉಳಿದಿರೋ ತುಂಬಾ ಹಳೇ ಮರಗೆಲಸ ಅದು. 2018ರ ಫೆಬ್ರವರೀಲಿ ಅಲ್ಲಿ ಬೆಂಕಿ ಅಂತ ಸುದ್ದಿ ಬಂದಾಗ ಇಲ್ಲಿ ಅಂಗಡಿ ಬೀದೀಲಿ ಎಲ್ಲರೂ ಫೋನ್ ಹಿಡ್ಕೊಂಡು ನಿಂತಿದ್ರು, ಒಬ್ಬರ ಮುಖದಲ್ಲೂ ರಕ್ತ ಇರ್ಲಿಲ್ಲ.

ಸಿಂಧೂತೀರ ಬರೆದದ್ದು:

ಉಳಿಕೊಡತಿ ಅವರು ಕೇಳಿದ್ದು ಸರಿಯಾಗಿದೆ. ದುಖಾಂಗ್ ಕಟ್ಟಿಸಿದ್ದು ಕಲ್ದೆನ್ ಶೆರಬ್, ಸುಮ್‌ತ್ಸೆಕ್ ಕಟ್ಟಿಸಿದ್ದು ತ್ಸುಲ್ತ್ರಿಮ್ ಓ, ಇಬ್ಬರೂ ದ್ರೋ ಅನ್ನೋ ಮನೆತನದೋರು ಅಂತ ಒಳಗಿನ ಬರಹಗಳಲ್ಲಿದೆ. ಹಾಗಾಗಿ ರಿನ್ಚೆನ್ ಝಾಂಗ್ಪೋ ಅವರೇ ಆಲ್ಚಿ ಕಟ್ಟಿಸಿದ್ರು ಅನ್ನೋದು ಪರಂಪರೆಯ ಮಾತು. ಕಾಲದ ಬಗ್ಗೆ ವಿದ್ವಾಂಸರಲ್ಲಿ ಜಗಳ ಇದೆ, ಹನ್ನೊಂದು ಹನ್ನೆರಡನೇ ಶತಮಾನ ಅನ್ನೋರೂ ಇದಾರೆ. ಆದ್ರೆ ಸುಮ್‌ತ್ಸೆಕ್‌ನ ಮೇಲಂತಸ್ತಲ್ಲಿ ಗುರುಪರಂಪರೆ ಚಿತ್ರ ಇದೆ, ಅದರಲ್ಲಿ ಡ್ರಿಕುಂಗ್ ಅನ್ನೋ ಟಿಬೆಟನ್ ಬೌದ್ಧ ಪಂಥ ಶುರು ಮಾಡಿದ ಜಿಗ್ತೆನ್ ಗೊನ್ಪೋ ಇದಾರೆ, ಅವರು ತೀರ್ಕೊಂಡಿದ್ದು 1217ರಲ್ಲಿ. ನನಗೆ ಆ ಸಾಕ್ಷಿ ಗಟ್ಟಿ ಅನ್ಸತ್ತೆ, ಸುಮ್‌ತ್ಸೆಕ್ ಹದಿಮೂರನೇ ಶತಮಾನದ ಆರಂಭದ್ದು ಅಂತಲೇ ನಾನು ಹೇಳೋದು. ಅಂದ್ರೆ ವಯಸ್ಸಲ್ಲಿ 1117ರ ಬೇಲೂರಿಗಿಂತ ಸ್ವಲ್ಪ ಚಿಕ್ಕದು, ಸೋಮನಾಥಪುರಕ್ಕಿಂತ ಸ್ವಲ್ಪ ದೊಡ್ಡದು.

ಇನ್ನೊಂದು ಸಲ ಹೋದ್ರೆ ಬಾಗಿಲು ನೋಡಿದ್ಮೇಲೆ ಸುಮ್‌ತ್ಸೆಕ್ ಒಳಗೂ ಹೊತ್ತು ಕೊಡಿ. ಕರುಣೆಯ ಬೋಧಿಸತ್ವ ಅವಲೋಕಿತೇಶ್ವರನ ಮಣ್ಣಿನ ಮೂರ್ತಿ ಎರಡು ಆಳಿಗಿಂತ ಎತ್ತರ, ತಲೆ ಮೇಲಂತಸ್ತಿಗೆ ಹೋಗಿದೆ, ಉಟ್ಟಿರೋ ಧೋತ್ರದ ಮೇಲೆ ಕಾಶ್ಮೀರದ ಅರಮನೆ, ಗುಡಿಗಳ ಚಿತ್ರ ಬರೆದಿದಾರೆ.

ಹೊಸ್ತಿಲಪಕ್ಕ ಬರೆದದ್ದು:

ಎಲ್ಲರಿಗೂ ಎಷ್ಟು ಥ್ಯಾಂಕ್ಸ್ ಹೇಳಿದ್ರೂ ಕಮ್ಮಿ. ಫೋಟೋ ಮೂರೂ ಕಳಿಸಿದೀನಿ, ಅಳತೆ ಅಂಗಡೀಲಿ ತಗೊಂಡಿರ್ಲಿಲ್ಲ, ಪಕ್ಕದಲ್ಲಿದ್ದ ನನ್ನ ಕೈ ಫೋಟೋದಲ್ಲಿ ಬಂದಿದೆ, ಅದರ ಮೇಲೆ ಲೆಕ್ಕ ಹಾಕಿ ಬರೆದೆ. ಇಲಾಖೆಗೂ ಪತ್ರ ಹಾಕಿದೀನಿ. ಏನಾದ್ರೂ ಉತ್ತರ ಬಂದ್ರೆ ಇಲ್ಲೇ ತಿಳಿಸ್ತೀನಿ.

ಕಳೆದ ಭಾನುವಾರ ಬೇಲೂರಿಗೆ ಹೋಗಿದ್ದೆ. ಸೂರಿನ ಕೆಳಗೆ ಕತ್ತೆತ್ತಿ ಮದನಿಕೆಯರನ್ನ ನೋಡಿದೆ, ಅಷ್ಟು ವರ್ಷದಿಂದ ನೋಡಿದ್ರೂ ಅವರು ಯಾಕೆ ಹಾಗೆ ಓರೆಯಾಗಿ ನಿಂತಿದಾರೆ ಅಂತ ಯೋಚನೆ ಮಾಡಿರ್ಲಿಲ್ಲ.

ಈಗ ದೇವರ ಕೋಣೆಗೆ ಹೊಸದಾಗೇ ಕೆತ್ತಿಸೋಣ ಅಂತ ಮನೇಲಿ ತೀರ್ಮಾನ ಆಗಿದೆ. ತೋಟದಲ್ಲಿ ಹೋದ ವರ್ಷ ಗಾಳಿಗೆ ಬಿದ್ದ ಸಂಪಿಗೆ ಮರದ ದಿಮ್ಮಿ ಒಂದಿದೆ. ಉಳಿಕೊಡತಿ ಅವರೇ, ಅದು ತ್ರಿಶಾಖೆಗೆ ಆಗತ್ತಾ? ಎಷ್ಟು ದಿನ ಒಣಗಿಸ್ಬೇಕು?

ಉಳಿಕೊಡತಿ ಬರೆದದ್ದು:

ಆಗತ್ತೆ. ದಿಮ್ಮಿಯಾಗೇ ಬಿಟ್ರೆ ಒಳಗಿಂದ ಒಡೆಯತ್ತೆ, ಮೊದಲು ಕೊಯ್ಸಿ. ಎರಡು ಇಂಚು ದಪ್ಪದ ಹಲಗೆ ಮಾಡಿಸಿ, ಮಧ್ಯೆ ಸಣ್ಣ ಪಟ್ಟಿ ಇಟ್ಟು ಗಾಳಿ ಆಡೋ ಹಾಗೆ ನೆರಳಲ್ಲಿ ಪೇರಿಸಿ, ತುದಿಗಳಿಗೆ ಮೇಣ ಅಥವಾ ಪೇಂಟ್ ಬಳೀರಿ, ತುದಿಯಿಂದಲೇ ಬೇಗ ಒಣಗಿ ಸೀಳೋದು. ಇಂಚಿಗೆ ಒಂದು ವರ್ಷ ಅಂತ ನಮ್ಮಲ್ಲಿ ಲೆಕ್ಕ. ಮನೆ ಮುಗಿಯೋಕೆ ಮುಂಚೆ ಬಾಗಿಲು ಬೇಕು ಅಂದ್ರೆ ಈಗ ಒಂದು ಸಾದಾ ವಾಡ ಕೂರಿಸಿ, ಸುತ್ತ ಶಾಖೆ ಕೂರೋಕೆ ಗೋಡೇಲಿ ಜಾಗ ಬಿಡಿಸಿ. ಲಲಾಟಕ್ಕೆ ಏನು ಬೇಕು ಅಂತ ನಿಮ್ಮಮ್ಮನ್ನ ಕೇಳಿ, ಒಳಗೆ ಯಾವ ದೇವರು ಇರ್ತಾರೋ ಅದನ್ನೇ ಕೆತ್ತೋದು. ಹಲಗೆ ಕೊಯ್ಸಿದ ದಿನ ಒಂದು ಫೋಟೋ ಹಾಕಿ, ಎಳೆ ಯಾವ ಕಡೆ ಓಡಿದೆ ನೋಡಿ ಯಾವುದು ನಿಲುವಿಗೆ, ಯಾವುದು ಅಡ್ಡಕ್ಕೆ ಅಂತ ಹೇಳ್ತೆ.